ಮೂರನೇ ಸಾಲು

ಮೂರನೇ ಸಾಲು ಮತ್ತೆ ಏರಿತ್ತು. ಇಂದ್ರಾಣಿ, ಬಣ್ಣ ಅಳೆಯುವ ಯಂತ್ರ ಉಗುಳಿದ ಕಾಗದವನ್ನು ಹರಿದುಕೊಂಡು, ಅಂಕಿಗಳ ಮೇಲೆ ಬೆರಳಿಟ್ಟು ಓದಿದಳು. ಅದನ್ನೇ ಇನ್ನೊಮ್ಮೆ ಓದಿದಳು, ಅಷ್ಟರಲ್ಲಿ ಯಾರೋ ತಿದ್ದಿರಬಹುದೆಂಬಂತೆ.

ತೊಂಬತ್ತಾರು ಗುಳಿಗಳ ಪ್ಲಾಸ್ಟಿಕ್ ತಟ್ಟೆ. ಕೀಲು ಊದಿದ ಬಿಳಿ ಸುಂಡಿಲಿಗಳ ರಕ್ತದ ತಿಳಿ, ಒಂದೊಂದಕ್ಕೆ ಒಂದೊಂದು ಹನಿ. ಉರಿಯೂತ ಹೆಚ್ಚಿಸುವ ಸೈಟೊಕೈನ್ ಎಂಬ ಪ್ರೋಟೀನು ಎಷ್ಟಿದೆಯೋ ಗುಳಿ ಅಷ್ಟು ಹಳದಿ. ಮೂರನೇ ಸಾಲಿನವು ಔಷಧಿ ಕುಡಿದ ಇಲಿಗಳು, ಅಂಕಿ ಇಳಿಯಬೇಕಿತ್ತು. ಕಣ್ಣಿಗೆ ತಿಳಿಹಳದಿಯಾಗಿಯೇ ಕಾಣುತ್ತಿತ್ತು, ಯಂತ್ರ ಮಾತ್ರ ಕಡುಹಳದಿ ಎನ್ನುತ್ತಿತ್ತು. ಇದು ನಾಲ್ಕನೇ ತಟ್ಟೆ. ಫ್ರೀಜರಿನಲ್ಲಿ ಉಳಿದ ತಿಳಿ ಇನ್ನೊಂದೇ ತಟ್ಟೆಗೆ ಸಾಲುವಷ್ಟು.

"ತೊಳೆಯೋದು ಸರಿಯಿಲ್ಲ ಸಾರ್" ಎಂದು ನಿನ್ನೆ ಇಂದ್ರಾಣಿಯೇ ಹೇಳಿದ್ದಳು. ಲ್ಯಾಬಿನ ಯಜಮಾನ ನಾಗೇಶ್ ತಲೆಯೆತ್ತದೆ, ತಟ್ಟೆ ತೊಳೆಯುವ ಕನಕಮ್ಮನಿಗೆ ನಾಳೆಯೇ ಕೆಲಸದ ಕೊನೆ ದಿನ ಎಂದುಬಿಟ್ಟಿದ್ದರು. ಅದಕ್ಕೇ ಇವತ್ತಿನದನ್ನು ಇಂದ್ರಾಣಿ ತಾನೇ ತೊಳೆದಿದ್ದಳು.

ಮಾರಿಕುಪ್ಪಂ ರೈಲಿಗೆ ಹೊರಟಿದ್ದ ಕನಕಮ್ಮ ಚೀಲ ಹಿಡಿದು ಬಾಗಿಲಲ್ಲಿ ನಿಂತಳು. "ಏನಮ್ಮ, ನನ್ ಕೈ ಸೊಟ್ಟು ನಿಮ್ ಕೈಗೂ ಅಂಟ್ಕೊಂಡ್ತಾ?"

"ಸುಮ್ನೆ ಹೋಗಿ ಕನಕಮ್ಮ. ತಲೆ ಸಿಡೀತಿದೆ."

"ಓಗ್ತೀನಿ, ಯಾರ್ ಇರಾಕ್ ಬಂದೋರು ಇಲ್ಲಿ? ಒಂದ್ ಮಾತು ಏಳ್ತೀನಿ ಕೇಳಿ. ದೋಸೆ ಒಂದೇ ಕಡೆ ಸೀದ್ರೆ ನಾನು ಕಾವ್ಲಿ ತಿರುಗ್ಸಿ ಇಡ್ತೀನಿ. ಕಾವ್ಲಿ ಸೊಟ್ಟೋ ಒಲೆ ಸೊಟ್ಟೋ ಗೊತ್ತಾಗ್ತದೆ. ನೀವು ನೋಡಿದ್ರೆ ಕಾವ್ಲಿ ಉಜ್ಜೋಳ್ನ ಬೈತೀರ."

ಇಂದ್ರಾಣಿಗೆ ರೇಗಿತು. ರೇಗಿಕೊಂಡೇ ತಟ್ಟೆಯನ್ನು ಹಿಂದುಮುಂದಾಗಿಸಿ ಯಂತ್ರಕ್ಕೆ ತಳ್ಳಿದಳು. ಔಷಧಿಯ ಇಲಿಗಳು ಈಗ ಆರನೇ ಸಾಲಿಗೆ ಹೋದವು. ಕಾಗದ ಬಂತು. ಆರನೆಯದು ಇಳಿದಿತ್ತು. ಏರಿದ್ದು ಮೂರನೆಯದೇ.

ಅವಳು ಮುಚ್ಚಳ ಎತ್ತಿದಳು. ಸಾಲಿಗೊಂದರಂತೆ, ಬಣ್ಣ ಓದುವ ಎಂಟು ಪುಟ್ಟ ಗಾಜಿನ ಕಣ್ಣುಗಳು. ಮೂರನೆಯದರ ಮೇಲೆ, ಒಣಗಿ ಬಿರಿದ ಅರಿಶಿನದ ಬೊಟ್ಟು.

ಆಯುಧಪೂಜೆಯ ದಿನ ಎಲ್ಲರೂ ಯಂತ್ರದ ನೆತ್ತಿಗೆ ಕುಂಕುಮವಿಟ್ಟು, ಮಂಗಳಾರತಿ ತೆಗೆದುಕೊಂಡು, ಚರುಪಿನ ಪ್ರಸಾದ ತಿನ್ನಲು ನಡೆದಿದ್ದರು. ದುಡಿಯುವ ಕಣ್ಣು ಒಳಗಿರುವಾಗ ಹೊರಗೆ ಪೂಜಿಸಿದರೆ ಏನು ಬಂತು ಎನ್ನಿಸಿ, ಹಿಂದೆ ಉಳಿದವಳು ಇಂದ್ರಾಣಿಯೊಬ್ಬಳೇ. ಮುಚ್ಚಳ ಎತ್ತಿ, ಅಮ್ಮ ಹೇಳಿಕೊಟ್ಟ ಶ್ಲೋಕ ಹೇಳಿಕೊಳ್ಳುತ್ತ, ಕೈಗೆ ಸಿಕ್ಕ ಒಂದು ಕಣ್ಣಿಗೆ ಉಂಗುರಬೆರಳಲ್ಲಿ ಅರಿಶಿನವನ್ನು ಮೃದುವಾಗಿ ಒತ್ತಿದ್ದಳು. ಯಾರೂ ನೋಡಿರಲಿಲ್ಲ.

ಸ್ಪಿರಿಟ್ಟಿನ ಹತ್ತಿ ಕೈಯಳತೆಯಲ್ಲೇ ಇತ್ತು. ಒಂದು ಸಲ ಒರೆಸಿದರೆ ಮುಗಿಯಿತು. ಕೊನೆಯ ತಟ್ಟೆ ಸರಿಯಾಗುತ್ತದೆ, ಕನಕಮ್ಮ ಹೋದದ್ದರಿಂದಲೇ ಸರಿಯಾಯಿತು ಎಂದು ಎಲ್ಲರೂ ನಂಬುತ್ತಾರೆ.

ದೂರದಲ್ಲಿ ರೈಲು ಕೂಗಿತು. ಕನಕಮ್ಮ ಸೆರಗು ಸಿಕ್ಕಿಸಿಕೊಂಡು ತಿರುಗಿದಳು. "ಬತ್ತೀನಮ್ಮ."

"ಕನಕಮ್ಮ, ನಿಲ್ಲಿ." ಇಂದ್ರಾಣಿಯ ದನಿ ಅವಳಿಗೇ ಒರಟಾಗಿ ಕೇಳಿಸಿತು. "ನಾಗೇಶ್ ಸಾರ್, ಸ್ವಲ್ಪ ಈ ಕಡೆ ಬರ್ತೀರಾ? ನಾನು ಮಾಡಿದ್ದೊಂದು ತೋರಿಸಬೇಕು."

ಒಳಕೋಣೆಯಲ್ಲಿ ಕುರ್ಚಿ ಸರಿಯಿತು. ಕನಕಮ್ಮ ಚೀಲವನ್ನು ನೆಲಕ್ಕಿಟ್ಟು, ಇಂದ್ರಾಣಿಯ ಭುಜದ ಪಕ್ಕದಿಂದ ಯಂತ್ರದೊಳಗೆ ಬಗ್ಗಿ ನೋಡಿದಳು. ಅರಿಶಿನ ಕಂಡದ್ದೇ, ಅಭ್ಯಾಸಬಲದಿಂದ, ಎರಡು ಬೆರಳನ್ನು ಕಣ್ಣಿಗೊತ್ತಿಕೊಂಡಳು.

ಚಪ್ಪಲಿಯ ಸದ್ದು ಹತ್ತಿರವಾಯಿತು. ಇಂದ್ರಾಣಿ ಮುಚ್ಚಳವನ್ನು ಎತ್ತಿ ಹಿಡಿದೇ ನಿಂತಿದ್ದಳು.