ಗದ್ದೆಪ್ಪನ ಪದಕದ ನೆಗ್ಗು

ಪೀರಮ್ಮನಿಗೆ ಸಿಟ್ಟು ಬಂತೆಂದರೆ ಬಸ್ಸು ನಿಲ್ಲುತ್ತಿತ್ತು. ಸಿಂಧನೂರಿನಿಂದ ಮಸ್ಕಿ ಮೇಲೆ ಲಿಂಗಸುಗೂರಿಗೆ ಹೋಗುವ ಬಸ್ಸಿನ ಕಂಡಕ್ಟರ್ ಆಕೆ. ಹೆಂಗಸರ ಸೀಟಿನಲ್ಲಿ ಕಾಲು ಚಾಚಿ ಕೂತವನು, ಟಿಕೆಟ್ ಕೇಳಿದರೆ ಹಲ್ಲು ಕಿಸಿಯುವವನು, ಗಂಟು ಹೊತ್ತ ಮುದುಕಿಯನ್ನು ಮೊಣಕೈಯಿಂದ ನೂಕಿ ಹತ್ತುವವನು, ಯಾವನೇ ಸಿಗಲಿ, ಕೊರಳಿನ ಪೀಪಿಯನ್ನು ಬಾಯಿಗಿಟ್ಟು ಒಮ್ಮೆ ಊದಿದಳೆಂದರೆ ಡ್ರೈವರ್ ಬಸ್ಸಪ್ಪ ಯಾಕೆ ಏನು ಎಂದು ಕೇಳದೆ ಬ್ರೇಕು ಒತ್ತುತ್ತಿದ್ದ. ತಪ್ಪು ಮಾಡಿದವನು ಇಳಿಯಬೇಕು, ಇಲ್ಲವೇ ಕೈಮುಗಿಯಬೇಕು. ಆಮೇಲೆಯೇ 'ರೈಟ್'.

ಇಂಥ ಪೀರಮ್ಮ ತನ್ನ ಸ್ವಂತ ಊರಿನ ಸವಾಲಿನಲ್ಲಿ ಬಾಯಿ ಸತ್ತವಳ ಹಾಗೆ ನಿಂತುಬಿಟ್ಟಳು. ಆ ಸಿಟ್ಟು ಆಕೆಗೆ ಇಳಿಯಲೇ ಇಲ್ಲ. ಇಳಿಯುವಂಥದ್ದೂ ಆಗಿರಲಿಲ್ಲ ಬಿಡಿ.

ಸವಾಲು ಎಂದರೆ ಅಲಾಯಿ ಹಬ್ಬದ ಹರಾಜು. ಮೊಹರಂನಲ್ಲಿ ಪೀರದೇವರಿಗೆ ಹರಕೆ ಬಂದದ್ದನ್ನೆಲ್ಲ, ದೇವರು ಹೊಳೆಗೆ ಹೋದ ಮೂರನೇ ದಿನ ಬೆಳಿಗ್ಗೆ, ಬೇವಿನ ಕಟ್ಟೆಯ ಮೇಲಿಟ್ಟು ಕೂಗುತ್ತಾರೆ. ಬೆಳ್ಳಿ ಕುದುರೆ, ಜರಿ ಶಾಲು, ತೊಟ್ಟಿಲು, ಹಸಿರು ಬಟ್ಟೆ. ಬಂದ ದುಡ್ಡು ದೇವರ ಎಣ್ಣೆಗೆ. ಎಲ್ಲೂ ಬರೆದಿಡದ ಕಟ್ಟಳೆ ಒಂದಿತ್ತು: ಹರಕೆ ಕೊಟ್ಟ ಮನೆಯವರೇ ತಮ್ಮ ವಸ್ತುವಿಗೆ ಬಾಯಿ ತೆರೆದರೆ ಉಳಿದವರು ಬಾಯಿ ಮುಚ್ಚಿಕೊಳ್ಳಬೇಕು. ಸುತ್ತಲಿನ ಹತ್ತು ಊರುಗಳಲ್ಲಿ ಅದನ್ನು ಮೀರಿದವರಿರಲಿಲ್ಲ.

ಪೀರಮ್ಮನ ಅಪ್ಪ ಗದ್ದೆಪ್ಪ ಪೈಲ್ವಾನ. ಕೇರಿಯಲ್ಲಿ ಹುಟ್ಟಿದವನು, ಗೌಡರ ಹೊಲದಲ್ಲಿ ದುಡಿದವನು, ಸಂಜೆ ಹೊತ್ತು ಪೀರದೇವರ ಪೂಜೆ ಮಾಡುವ ಮುಜಾವರ ಮಕ್ತುಮ್‌ಸಾಬನ ಗರಡಿಯಲ್ಲಿ ಕೆಂಪು ಮಣ್ಣು ಮೆತ್ತಿಕೊಂಡವನು. ಲಿಂಗಸುಗೂರಿನ ದೊಡ್ಡ ಕುಸ್ತಿಗೆ ಹೋಗುವ ಮುಂಚೆ, ಗೆದ್ದರೆ ಬಂದದ್ದು ನಿನಗೇ ಎಂದು ಪೀರದೇವರಿಗೆ ಬೇಡಿಕೊಂಡ. ಗೆದ್ದ. ಬಹುಮಾನ ಬೆಳ್ಳಿ ಪದಕ. ಕೊಡುವವನು ಊರಿನ ದೊಡ್ಡಗೌಡ. ಗದ್ದೆಪ್ಪ ಎರಡೂ ಕೈ ಚಾಚಿ ನಿಂತ. ದೊಡ್ಡಗೌಡ ಆ ಕೈಗಳನ್ನು ನೋಡಿದ, ಮುಟ್ಟಿದರೆ ಮೈಲಿಗೆಯೆಂದು ಪದಕವನ್ನು ಮೇಲಿನಿಂದ ಕೆಡವಿದ. ಅದು ಕೈಗೆ ಬೀಳಲಿಲ್ಲ. ವೇದಿಕೆಯ ಕಲ್ಲಂಚಿಗೆ ಬಡಿದು ಉರುಳಿ ಜನರ ಕಾಲ ಕೆಳಗೆ ಹೋಯಿತು. ಯಾರ ಕೈಯಿಂದಲೂ ಬೆನ್ನು ನೆಲಕ್ಕೆ ಹಚ್ಚಿಸಿಕೊಳ್ಳದ ಗದ್ದೆಪ್ಪ ಅವತ್ತು ಅಷ್ಟೂ ಮಂದಿಯ ಎದುರು ಬಗ್ಗಿ ಪದಕ ಹುಡುಕಿದ. ಅಂಚಿನಲ್ಲಿ ಹೆಬ್ಬೆರಳು ಕೂರುವಷ್ಟು ನೆಗ್ಗು ಬಿದ್ದಿತ್ತು. ಅಕ್ಕಸಾಲಿಗ ಸರಿಮಾಡಿ ಕೊಡುತ್ತೇನೆಂದರೂ ಗದ್ದೆಪ್ಪ ಮಾಡಿಸಲಿಲ್ಲ.

ಪ್ರತಿ ಮೊಹರಂನಲ್ಲಿ ಆ ಪದಕವನ್ನು ದೇವರಿಗೆ ಕಟ್ಟುತ್ತಿದ್ದ, ಸವಾಲಿನಲ್ಲಿ ತಾನೇ ಕೂಗಿ ಬಿಡಿಸಿಕೊಳ್ಳುತ್ತಿದ್ದ. ಊರೆಲ್ಲ ಸುಮ್ಮನಿರುತ್ತಿತ್ತು. ಮಕ್ತುಮ್‌ಸಾಬ್ ಪದಕಕ್ಕೆ ಊದಿನ ಹೊಗೆ ತೋರಿಸಿ, ಗದ್ದೆಪ್ಪನ ಎರಡೂ ಅಂಗೈಗಳ ನಡುವೆ ಇಟ್ಟು, ತನ್ನ ಕೈಯಿಂದ ಮುಚ್ಚುತ್ತಿದ್ದ. ಗದ್ದೆಪ್ಪ ಬಯಸಿದ್ದು ಇಷ್ಟನ್ನೇ. "ಗೌಡ ಕೆಡವಿದ್ದನ್ನ ವರ್ಷಕ್ಕೊಮ್ಮೆ ಪೀರ ನನ್ನ ಕೈಯಾಗ ಕೊಡ್ತಾನ" ಎನ್ನುತ್ತಿದ್ದ. ಮಗಳಿಗೆ ಹೆಸರಿಟ್ಟದ್ದೂ ಆ ದೇವರದ್ದೇ. ಮುಂದೆ ಮನೆಯಲ್ಲಿ ಬುದ್ಧನ ಫೋಟೋ ಬಂತು, ಬಾಬಾಸಾಹೇಬರ ಫೋಟೋ ಬಂತು. ಪದಕ ಆ ಎರಡರ ನಡುವಿನ ಮೊಳೆಗೆ ನೇತಾಡುತ್ತಿತ್ತು. ಅಪ್ಪ ತೀರಿಕೊಂಡ ಮೇಲೆ ಆ ಅಂಗೈ ಚಾಚುವ ಕೆಲಸ ಪೀರಮ್ಮನದಾಯಿತು.

ಹೋದ ವರ್ಷದ ಸವಾಲಿಗೆ ದೊಡ್ಡಗೌಡನ ಮೊಮ್ಮಗ ವಿರೇಶ ಬಂದ. ಅಕ್ಕಿ ಗಿರಣಿ, ಲಿಂಗಸುಗೂರಿನಲ್ಲಿ ಕಲ್ಯಾಣಮಂಟಪ, ಜೊತೆಗೆ ಈಗೀಗ ಹಳೇ ವಸ್ತುಗಳ ಹುಚ್ಚು. ಕತ್ತಿ, ಪಟ, ಪದಕ ಏನು ಸಿಕ್ಕರೂ ಕೊಂಡು ಹೈದರಾಬಾದಿನ ಹರಾಜಿನವರಿಗೆ ಸಾಗಿಸುತ್ತಿದ್ದ. ಪೀರಮ್ಮ ಎಂದಿನಂತೆ "ನೂರಾ ಒಂದು" ಎಂದಳು. ವಿರೇಶ ಮೊಬೈಲಿನಿಂದ ತಲೆಯೆತ್ತದೆ "ಸಾವಿರ" ಎಂದ.

ಕಟ್ಟೆಯ ಮೇಲಿದ್ದ ಮಕ್ತುಮ್‌ಸಾಬ್ ಕೈ ಅಡ್ಡ ಹಿಡಿದ. "ಗೌಡ್ರ, ಅದು ಹರಕೀ ಮನಿಯವ್ರ ಕೂಗಾಕತ್ತಾರ್ರೀ."

"ಸವಾಲು ಅಂದ್ರ ಸವಾಲು, ಮುಜಾವರ. ದೇವರಿಗೆ ಹೆಚ್ಚಿಗಿ ಬಂದ್ರ ನಿನಗೇನು ತ್ರಾಸು?"

ದೇವರನ್ನೇ ಮುಂದೆ ಮಾಡಿದರೆ ಯಾರು ಏನು ಹೇಳಬೇಕು? ಪೀರಮ್ಮ ಏರಿಸಿದಳು, ಅವನೂ ಏರಿಸಿದ. ತಿಂಗಳ ಪಗಾರ ಮುಗಿಯಿತು, ಕಿವಿಯ ಓಲೆಯೂ ಮುಗಿಯಿತು. ಆಕೆ ಸುತ್ತ ನೋಡಿದಳು. ಅಪ್ಪನ ಕುಸ್ತಿಯ ಕಥೆ ಹೇಳಿ ಚಹಾ ಕುಡಿಯುತ್ತಿದ್ದವರೆಲ್ಲ ನೆಲ ನೋಡುತ್ತಿದ್ದರು. ಅವರ ಭತ್ತ ವಿರೇಶನ ಗಿರಣಿಗೇ ಹೋಗಬೇಕಲ್ಲ! ಪೀರಮ್ಮನ ಬಾಯಿಂದ ಮುಂದಿನ ಮಾತು ಬರಲಿಲ್ಲ. ಮೂರು ಸಲ ಕೂಗಿದ್ದಾಯಿತು. ಮಕ್ತುಮ್‌ಸಾಬ್ ಅಳುತ್ತಲೇ ಪದಕ ಕೊಟ್ಟ. ವಿರೇಶ ಅದನ್ನು ಅಂಗಿಯ ಜೇಬಿಗೆ, ಮೊಬೈಲಿನ ಜೊತೆಗೇ ಇಳಿಬಿಟ್ಟು ಕಾರು ಹತ್ತಿದ.

ಅದಾಗಿ ಒಂದು ಸುಗ್ಗಿ ಕಳೆದ ಮೇಲೆ, ಮಸ್ಕಿಯಲ್ಲಿ ಮೇಷ್ಟ್ರಾಗಿದ್ದ ತಮ್ಮ ಮಲ್ಲೇಶ ಒಂದು ಬೆಳಿಗ್ಗೆ ಅಕ್ಕನ ಬಸ್ಸು ಹತ್ತಿ ಮೊಬೈಲು ಮುಂದೆ ಹಿಡಿದ. ಅಪ್ಪನ ಪದಕದ ಚಿತ್ರ. ಇವತ್ತು ಮಧ್ಯಾಹ್ನ ಲಿಂಗಸುಗೂರಿನಲ್ಲಿ, ವಿರೇಶನ ಕಲ್ಯಾಣಮಂಟಪದಲ್ಲೇ ಹೈದರಾಬಾದಿನವರ ಹರಾಜು. ಕೆಳಗೆ ಬರೆದಿತ್ತು: ಗ್ರಾಮೀಣ ಕುಸ್ತಿಯ ಅಪರೂಪದ ಬೆಳ್ಳಿ ಪದಕ, ಕ್ರೀಡಾಪ್ರೇಮಿ ದೊಡ್ಡಗೌಡರು ಗೆದ್ದ ಪೈಲ್ವಾನನನ್ನು ಅಪ್ಪಿಕೊಂಡು ಸ್ವಹಸ್ತದಿಂದ ಕೊರಳಿಗೆ ಹಾಕಿದ್ದು, ಅಂಚಿನಲ್ಲಿ ಕಾಲ ಉಳಿಸಿದ ಸಣ್ಣ ಗುರುತು.

ಪೀರಮ್ಮನ ಮೈ ಉರಿದುಹೋಯಿತು.

"ಅಪ್ಪಿಕೊಂಡನಂತ ನೋಡಲೇ ಮಲ್ಲೇಶ! ಮುಟ್ಟಿದ್ರ ಮೈಲಿಗಿ ಅಂತ ಕೆಡವಿದಾಂವ ಅಪ್ಪಿಕೊಂಡನಂತ! ಕಾಲ ಉಳಿಸಿದ ಗುರುತಂತ!"

"ಯಕ್ಕಾ, ಸಾವಕಾಶ. ಮಂದಿ ನೋಡಾಕತ್ತಾರ."

"ನೋಡ್ಲಿ. ಅವತ್ತ ಅಪ್ಪ ಬಗ್ಗಿದ್ದನ್ನೂ ನೋಡ್ಯಾರ, ಇವತ್ತ ನನ್ನನ್ನೂ ನೋಡ್ಲಿ."

"ನಾ ಮೊದಲ ಹೇಳಿದ್ದೆ, ಅಲಾಯಿ ದೇವರ ಉಸಾಬರಿ ನಮಗ ಬ್ಯಾಡ ಅಂತ. ಸವಾಲಿಗೆ ಇಟ್ಟಾವ್ರು ನಾವ. ಈಗ ಅತ್ತರೇನು ಬಂತು?"

"ಅಳೂದು ಬಿಡು. ಪದಕ ತರಾಕ ಹೊಂಟೀನಿ. ಬರಂಗಿದ್ರ ಬಾ, ಇಲ್ಲಂದ್ರ ಮುಂದಿನ ಸ್ಟಾಪಿನ್ಯಾಗ ಇಳಿ."

ಮಲ್ಲೇಶ ಇಳಿಯಲಿಲ್ಲ. ಲಿಂಗಸುಗೂರಿನಲ್ಲಿ ಆಕೆ ಅರ್ಧ ದಿನದ ರಜೆ ಹೇಳಿ, ಟಿಕೆಟ್ ಮಷೀನನ್ನು ಡಿಪೋದಲ್ಲಿ ಒಪ್ಪಿಸಿ, ಖಾಕಿಯಲ್ಲೇ ನಡೆದಳು. ಆಕೆಯ ತಲೆಯಲ್ಲಿ ಒಂದೇ ಲೆಕ್ಕವಿತ್ತು. ಊರಿನವರು ಬಾಯಿ ಬಿಡದಿದ್ದದ್ದು ವಿರೇಶನ ಗಿರಣಿಯ ಭಯಕ್ಕೆ. ಇಲ್ಲಿಗೆ ಬರುವವರು ದೊಡ್ಡ ಪಟ್ಟಣದ ಓದಿದ ಜನ, ಅವರಿಗೆ ಯಾವ ಗೌಡನ ಹಂಗು? ಇದು ಅವಮಾನದ ಪದಕ, ಹರಕೆಯ ಮನೆಯವಳು ನಾನು, ಎಂದು ಎದ್ದುನಿಂತು ಹೇಳಿಬಿಟ್ಟರೆ ಸಾಕು. ಮನುಷ್ಯರಾದವರು ಇದರ ಮೇಲೆ ಬಾಯಿ ತೆರೆಯುತ್ತಾರೆಯೇ? ಸವಾಲಿನ ಕಟ್ಟಳೆಯನ್ನು ನಂಬಿ ಬೆಳೆದವರಿಗೆ ಹೀಗಲ್ಲದೆ ಬೇರೆ ಹೇಗೆ ತೋಚೀತು?

ಮಂಟಪದಲ್ಲಿ ಎ.ಸಿ. ಹಾಕಿತ್ತು. ಮದುವೆಯ ಗಂಡುಹೆಣ್ಣು ಕೂರುವ ಜಾಗದಲ್ಲಿ ಮಖಮಲ್ಲಿನ ಮೇಜು, ಹಿಂದೆ ದೊಡ್ಡ ಪರದೆ, ಅದರ ಅಂಚಿನಲ್ಲಿ ಮೊಬೈಲಿನಿಂದಲೇ ಹರಾಜು ಕೂಗುವ ಊರೂರಿನವರ ಮುಖಗಳು. ಕ್ರಿಕೆಟ್ ಆಟಗಾರನ ಸಹಿಯ ಬ್ಯಾಟು ಹೋಯಿತು, ಯಾವುದೋ ಸಂಸ್ಥಾನದ ಬೇಟೆಯ ಚಿತ್ರ ಹೋಯಿತು. ಕೋಟು ತೊಟ್ಟ ಹರಾಜಿನವನು ಅಪ್ಪನ ಪದಕ ಎತ್ತಿಹಿಡಿದು, ದೊಡ್ಡಗೌಡರ ಅಪ್ಪುಗೆಯ ಕಥೆ ಶುರುಮಾಡಿದ.

ಪೀರಮ್ಮ ಪೀಪಿ ಊದಿದಳು.

ಇಡೀ ಮಂಟಪ ಬೆಚ್ಚಿ ಹಿಂದೆ ತಿರುಗಿತು. ಆಕೆ ನಡುದಾರಿಯಲ್ಲಿ ನಿಂತು ಹೇಳಿದಳು: "ಅಪ್ಪುಗಿ ಸುಳ್ಳರೀ! ಅದು ನಮ್ಮಪ್ಪ ಗದ್ದೆಪ್ಪಂದು. ಕೇರಿಯಾವ ಅಂತ ಈ ವಿರೇಶನ ಮುತ್ಯಾ ದೊಡ್ಡಗೌಡ ಕೈಯಾಗ ಕೊಡಲಿಲ್ಲ, ಮ್ಯಾಲಿಂದ ಕೆಡವಿದ. ಆ ನೆಗ್ಗು ಅವತ್ತಿಂದು. ನಮ್ಮಪ್ಪ ನಿಮ್ಮಂಥ ಮಂದಿ ಕಾಲಾಗ ಬಗ್ಗಿ ಅದನ್ನ ಆರಿಸಿಕೊಂಡ. ಹರಕೀ ಮನಿಯಾಕಿ ನಾನು, ನಾ ಮೊದಲ ಕೂಗಾಕತ್ತೀನಿ. ನೂರಾ ಒಂದು."

ಮಂಟಪ ಸ್ತಬ್ಧವಾಯಿತು. ಕೂತವರ ಮುಖ ಸಪ್ಪಗಾಯಿತು, ಒಬ್ಬ ಹೆಂಗಸು ಕಣ್ಣೊರೆಸಿಕೊಂಡಳು. ಆ ಮೌನ ಪೀರಮ್ಮನಿಗೆ ಗೊತ್ತಿದ್ದ ಮೌನವೇ. ಬೇವಿನ ಕಟ್ಟೆಯ ಮುಂದೆ ಅಪ್ಪ ಬಾಯಿ ತೆರೆದಾಗ ಹೀಗೇ ಇರುತ್ತಿತ್ತು. ಗೆದ್ದೆ ಎಂದುಕೊಂಡಳು, ಅಂಗೈ ತಾನೇ ತಾನಾಗಿ ಮುಂದಕ್ಕೆ ಬಂತು.

ಆಗ ಹರಾಜಿನವನು ಮೈಕು ಹತ್ತಿರ ಎಳೆದುಕೊಂಡ. "ಕೇಳಿದಿರಲ್ಲ, ಇತಿಹಾಸವೇ ಎದ್ದು ನಿಂತು ಮಾತಾಡಿದೆ. ಇಂಥ ಕಥೆ ಇರುವ ಪದಕ ಇನ್ನೊಂದು ಸಿಗುವುದಿಲ್ಲ. ಮೂಲ ಬೆಲೆ ಈಗಲೇ ಎರಡು ಪಟ್ಟು."

ಒಂದು ಕೈ ಎದ್ದಿತು. ಅದರ ಹಿಂದೆ ಇನ್ನೊಂದು. ಪರದೆಯ ಮೇಲೆ ಅಂಕಿಗಳು ಓಡತೊಡಗಿದವು. ಕಣ್ಣೊರೆಸಿಕೊಂಡ ಹೆಂಗಸೂ ತನ್ನ ನಂಬರಿನ ಫಲಕ ಎತ್ತಿದಳು! ಪೀರಮ್ಮ ಒಬ್ಬೊಬ್ಬರ ಮುಖವನ್ನೂ ನೋಡಿದಳು. ಥೂ, ಇವರ ಓದಿಗೆ ಬೆಂಕಿ ಬೀಳಲಿ! ಅಪ್ಪನ ಗೆಲುವಿಗಿಲ್ಲದ ರೇಟು ಅಪ್ಪನ ಅವಮಾನಕ್ಕೆ ಬಂದಿತ್ತು, ಆ ರೇಟು ಏರಿಸಿದವಳು ಆಕೆಯೇ ಆಗಿದ್ದಳು. ಕೊನೆಗೆ ಎಷ್ಟಕ್ಕೆ ಹೋಯಿತೋ ಆಕೆಗೆ ಕೇಳಿಸಲಿಲ್ಲ, ಸುತ್ತಿಗೆಯ ಸದ್ದಷ್ಟೇ ಕೇಳಿಸಿತು. ಕೊಂಡವನು ಮುಂದಿನ ಸಾಲಿನ ಬಿಳಿ ಜುಬ್ಬಾದ ಮುದುಕ.

ವಿರೇಶ ನಗುನಗುತ್ತ ಆಕೆಯ ಹತ್ತಿರವೇ ಬಂದ. ಅಜ್ಜನ ಹೆಸರಿಗೆ ಮಸಿ ಬಿದ್ದದ್ದು ಅವನಿಗೆ ಲೆಕ್ಕಕ್ಕೇ ಇರಲಿಲ್ಲ.

"ಪೀರಮ್ಮ, ನೀ ಬಂದದ್ದು ಭಾಳ ಛಲೋ ಆತು ನೋಡು. ನಿನಗೂ ಏನರ ಕೊಡೂಣು. ಈಗ ಒಂದು ಕೆಲಸ ಮಾಡು, ನಿನ್ನ ಕೈಯಾರ ಸಾಹೇಬ್ರಿಗೆ ಪದಕ ಕೊಡು. ಪೈಲ್ವಾನನ ಮಗಳ ಕೊಟ್ಟಳು ಅಂತ ಫೋಟೋ ಮಸ್ತ್ ಬರ್ತದ."

ಹೀಗೆ ಹೇಳಿ ಪದಕವನ್ನು ಅವನೇ ಆಕೆಯ ಕೈಗೆ ಹಾಕಿದ. ಹೆಬ್ಬೆರಳು ಹುಡುಕದೆಯೇ ನೆಗ್ಗಿಗೆ ಹೋಗಿ ಕೂತಿತು. ಬೆಳ್ಳಿ ತಣ್ಣಗಿತ್ತು. ಎಲ್ಲರೂ ಕಾಯುತ್ತಿದ್ದರು, ಕ್ಯಾಮೆರಾದವನು ಒಂದು ಕಣ್ಣು ಮುಚ್ಚಿದ್ದ. ಓಡಿಹೋಗಲೇ ಎಂದು ಒಂದು ಗಳಿಗೆ ಅನ್ನಿಸಿತು. ಓಡಿದರೆ ಕಳ್ಳಿ ಎಂದು ಹಿಡಿದು ಕೂರಿಸುತ್ತಾರೆ, ಗದ್ದೆಪ್ಪನ ಮಗಳು ಕಳ್ಳಿ ಎಂದು ನಾಳೆ ಊರೆಲ್ಲ ಆಡಿಕೊಳ್ಳುತ್ತದೆ.

"ಮೊದಲ ನಿಮ್ಮ ಕೈಯಾಗ ಕೊಡ್ತೀನ್ರೀ ಗೌಡ್ರ" ಎಂದಳು. "ನೀವು ಅವರಿಗೆ ಕೊಡ್ರಿ. ನಮ್ಮಪ್ಪನ ಪದಕ, ನಿಮ್ಮ ಮನಿತನದ ಕೈ."

ವಿರೇಶ ಹಿಗ್ಗಿ, ಕ್ಯಾಮೆರಾದ ಕಡೆ ಮುಖಮಾಡಿ ಎರಡೂ ಕೈ ಚಾಚಿದ.

ಪೀರಮ್ಮ ಆ ಕೈಗಳನ್ನು ನೋಡಿದಳು. ತನ್ನ ಕೈಯನ್ನು ಅವನ ಮುಖದ ಮಟ್ಟಕ್ಕೆ ಎತ್ತಿ, ಅವನ ಅಂಗೈಗಳ ಆಚೆಗೆ ಪದಕವನ್ನು ಕೆಡವಿದಳು.

ಗ್ರಾನೈಟ್ ನೆಲಕ್ಕೆ ಬಡಿದ ಬೆಳ್ಳಿಯ ಸದ್ದು ಮಂಟಪದ ಮೂಲೆಮೂಲೆಗೂ ಕೇಳಿಸಿತು. ಪದಕ ಉರುಳುತ್ತ ಹೋಗಿ ಎರಡನೇ ಸಾಲಿನ ಕುರ್ಚಿಗಳ ಕೆಳಗೆ ಸೇರಿತು.

"ಎತ್ತಿಕೋ" ಎಂದಳು.

ವಿರೇಶನ ನಗು ಮುಖದ ಮೇಲೆಯೇ ಒಣಗಿತು. ಅವನು ಮಂಟಪದ ಆಳುಗಳತ್ತ ಕಣ್ಣು ಮಾಡಿದ. ಇಬ್ಬರು ಓಡಿಬಂದು ಬಗ್ಗುವಷ್ಟರಲ್ಲಿ ಪೀಪಿ ಕೂಗಿತು, ಬಗ್ಗಿದವರು ಅರ್ಧಕ್ಕೇ ನಿಂತರು. ಅಷ್ಟು ಹೊತ್ತು ಗೋಡೆಗೆ ಒರಗಿದ್ದ ಮಲ್ಲೇಶ ಬಂದು ಕುರ್ಚಿಗಳ ಮುಂದೆ ಅಡ್ಡ ನಿಂತ.

"ಯಾರೂ ಕೈ ಹಚ್ಚಬ್ಯಾಡ್ರಿ" ಎಂದ. ಕಾಲು ಕದಲಿಸಲಿಲ್ಲ. "ಗೌಡ್ರು ಎತ್ತಿಕೊಳ್ತಾರ."

ಬಿಳಿ ಜುಬ್ಬಾದ ಮುದುಕ ತಾನು ಕೊಂಡ ವಸ್ತು ಎಲ್ಲಿ ಎಂದು ವಿರೇಶನನ್ನೇ ನೋಡುತ್ತಿದ್ದ. ಪರದೆಯ ಮೇಲೆ ಊರೂರಿನ ಮಂದಿ ನೋಡುತ್ತಿದ್ದರು. ದುಡ್ಡು ಇನ್ನೂ ಕೈಗೆ ಬಂದಿರಲಿಲ್ಲ. ವಿರೇಶ ಒಮ್ಮೆ ಸುತ್ತ ನೋಡಿ, ರೇಷ್ಮೆ ಅಂಗಿಯ ತೋಳು ಮೇಲೆ ಸರಿಸಿಕೊಂಡು ಬಗ್ಗಿದ. ಬಗ್ಗಿದರೆ ಕೈಗೆ ಎಟುಕಲಿಲ್ಲ. ಮೊಣಕಾಲೂರಿದ. ಕೂತವರ ಕಾಲುಗಳ ನಡುವೆ ತಲೆ ತೂರಿಸಿ, ಕೈ ಚಾಚಿ ತಡಕಾಡಿದ. ಅವನ ಬೆನ್ನು ಇಡೀ ಮಂಟಪಕ್ಕೆ ಕಾಣುತ್ತಿತ್ತು. ಪೀರಮ್ಮ ಅದನ್ನು ಅವಸರವಿಲ್ಲದೆ ನೋಡಿದಳು, ಅವನು ಪದಕ ಸಿಕ್ಕಿ ಮೇಲೇಳುವ ತನಕ ನೋಡಿದಳು. ಆಮೇಲೆ ತಮ್ಮನಿಗೆ "ರೈಟ್" ಎಂದು ಬಾಗಿಲಿನತ್ತ ನಡೆದಳು. ತಡೆಯಲು ಯಾರೂ ಮುಂದೆ ಬರಲಿಲ್ಲ.

ಇಬ್ಬರೂ ಬಸ್ ಸ್ಟ್ಯಾಂಡಿಗೆ ಬಂದರು. ಸಿಂಧನೂರಿನ ಬಸ್ಸಿನ ಬುಡದಲ್ಲಿ ನಿಂತಾಗ ಮಲ್ಲೇಶ ಕೇಳಿದ: "ಯಕ್ಕಾ, ಪದಕ ಹೋತಲ್ಲ?"

"ಹೋತು" ಎಂದಳು ಪೀರಮ್ಮ. "ಈಗ ಅದಕ್ಕ ಎರಡು ನೆಗ್ಗು ಅದಾವ, ಮಲ್ಲೇಶ. ಎರಡನೇದು ನಂದು."