ವೃಷಭಾಯದ ಕೋಣೆ

ಕೊಪ್ಪದ ಬಸ್ ಸ್ಟ್ಯಾಂಡಿನಲ್ಲಿ ಖಾಸಗಿ ಬಸ್ಸುಗಳ ಏಜೆಂಟಾಗಿ ಇಪ್ಪತ್ತಾರು ವರ್ಷ ಕೂಗಿದವನು ನಾನು. ವೃಷಭೇಂದ್ರಪ್ಪ ಎಂದರೆ ಎಷ್ಟೋ ಜನರಿಗೆ ಗೊತ್ತಾಗುವುದಿಲ್ಲ. ಏಜೆಂಟ್ರು ಎಂದರೆ ಶೃಂಗೇರಿಯಿಂದ ನರಸಿಂಹರಾಜಪುರದವರೆಗೆ ಗೊತ್ತು. ಐವತ್ತು ಸೀಟಿನ ಬಸ್ಸಿಗೆ ತೊಂಬತ್ತು ಜನ ಹತ್ತಿಸಿ, 'ಒಳಗೆ ಹೋಗಿ, ಹಿಂದೆ ಬೇಕಾದಷ್ಟು ಜಾಗ ಇದೆ' ಎಂದು ಗದರಿಸಿದವನು. ಜಾಗ ಸಾಲದು ಎನ್ನುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಸಿಟ್ಟು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಮುಂದಿನದೆಲ್ಲ ನನ್ನದೇ ತಪ್ಪು. ಹೇಳಲು ನಾಚಿಕೆಯಾಗುತ್ತದೆ. ಹೇಳದೆ ಎಂಟು ವರ್ಷ ಕಳೆದದ್ದಕ್ಕೆ ಇನ್ನೂ ಹೆಚ್ಚು ನಾಚಿಕೆಯಾಗುತ್ತದೆ.

ಎರಡು ಸಾವಿರದ ಒಂದರಲ್ಲಿ ಮನೆ ಕೊಂಡೆ. ಕಮ್ಮರಡಿಯ ಭೈರಪ್ಪ ಎಂಬ ಮೇಸ್ತ್ರಿ ಕೊಪ್ಪದಲ್ಲಿ ಒಂದು ಸೈಟು ಹಿಡಿದು, ಮಾರುವುದಕ್ಕೆಂದೇ ಮನೆ ಕಟ್ಟುತ್ತಿದ್ದ. ಮೇಸ್ತ್ರಿಯಾಗಿದ್ದವನು ಕಂಟ್ರಾಕ್ಟರ್ ಆಗಬೇಕೆಂದು ಹೊರಟಿದ್ದ, ಅದು ಅವನ ಮೊದಲ ಮನೆ. ನಾವು ನೋಡಲು ಹೋದಾಗ ಹೊರಗೋಡೆ ಎದ್ದಿತ್ತು, ಒಳಗಿನ ಅಡ್ಡ ಗೋಡೆಗಳು ಮೊಣಕಾಲೆತ್ತರ ಬಂದಿದ್ದವು. ಒಂದು ಹಾಲು, ಅಡುಗೆಮನೆ, ಎರಡು ಮಲಗುವ ಕೋಣೆ. ದೊಡ್ಡ ಕೋಣೆ ಹತ್ತಡಿಗೆ ಹನ್ನೊಂದಡಿ.

ನನ್ನ ಹೆಂಡತಿ ವೀರಮ್ಮ, "ಇನ್ನೊಂದೆರಡು ಮನೆ ನೋಡಿ ತೀರ್ಮಾನ ಮಾಡಣ" ಎಂದಳು. ನನಗೆ ತಾಳ್ಮೆ ಇರಲಿಲ್ಲ. ಬೇಗಾರಿನ ವಿದ್ಯಾಶಂಕರ ಜೋಯಿಸರನ್ನು ಕರೆತಂದು ಆಯ ನೋಡಿಸಿದೆ. ಕೋಣೆಯ ಉದ್ದಗಲ ಗುಣಿಸಿ ಎಂಟರಿಂದ ಭಾಗಿಸಿದರೆ ಉಳಿಯುವ ಸಂಖ್ಯೆಯೇ ಆ ಕೋಣೆಯ ಆಯ. ಕೆಲವು ಒಳ್ಳೆಯವು, ಕೆಲವು ಕೆಟ್ಟವು. ಜೋಯಿಸರು ಲೆಕ್ಕ ಹಾಕಿ, "ನೂರಾಹತ್ತು. ಆರು ಉಳೀತು. ಖರಾಯ" ಎಂದರು. ಖರ ಎಂದರೆ ಕತ್ತೆ. ಕತ್ತೆಯ ಆಯದಲ್ಲಿ ಮಲಗುವುದು ಹೇಗೆ?

"ಗಾಬರಿ ಎಂತಕ್ಕೆ, ಗೋಡೆ ಒಂದಡಿ ಒಳಗೆ ತಗೊಂಡ್ರೆ ಸಿಂಹಾಯ ಬರ್ತದೆ, ಅಷ್ಟು ಸಾಕು" ಎಂದರು ಅವರು.

"ವೃಷಭಾಯ ಬರಬೇಕಂದ್ರೆ?"

ಜೋಯಿಸರು ನಕ್ಕರು. "ನಿಮ್ಮ ಹೆಸರಿನದೇ ಬೇಕೋ? ಅದಕ್ಕೆ ಏಳಡಿಗೆ ಹನ್ನೊಂದು ಆಗಬೇಕು. ಮೂರಡಿ ಹೋಗ್ತದೆ. ಬೇಡ ಬಿಡಿ."

ಬೇಡ ಎಂದರೆ ಬಿಡುವ ಜಾತಿಯೇ ನನ್ನದು? ಭೈರಪ್ಪ ಮೂರು ಸಲ ಹೇಳಿದ. "ಏಜೆಂಟ್ರೇ, ಮಂಚ ಹಾಕಿದ್ರೆ ಕಾಲಿಡೋಕೆ ಜಾಗ ಇರಲ್ಲ. ಬಾಗ್ಲು ಪೂರ್ತಿ ತೆಗೆಯೋಕೆ ಬರಲ್ಲ. ಆಮೇಲೆ ನನ್ನ ಬೈಬೇಡಿ ಮಾರಾಯ್ರೆ" ಎಂದ. ಅವನ ಎದುರೇ, ಹಾಲು ದೊಡ್ಡದಾಗುತ್ತದಲ್ಲ, ಬಂದವರು ಕೂರುವುದು ಅಲ್ಲೇ ತಾನೇ ಎಂದೆ. ಟೇಪಿನ ಒಂದು ತುದಿ ನಾನೇ ಹಿಡಿದು ಅಳೆದು ತೋರಿಸಿದೆ. ಮೊಣಕಾಲೆತ್ತರದ ಗೋಡೆಯನ್ನು ಅವನೇ ಬಿಚ್ಚಿ, ಮೂರಡಿ ಒಳಗೆ ಹೊಸ ದಾರ ಕಟ್ಟಿದ.

ಗೃಹಪ್ರವೇಶಕ್ಕೆ ಬಂದವರೆಲ್ಲ ಹಾಲು ನೋಡಿ ಭೇಷ್ ಎಂದರು. ಕೋಣೆಗೆ ಮಂಚ ಬಂದ ದಿನ ಭೈರಪ್ಪನ ಮಾತು ಅಕ್ಷರಶಃ ನಿಜವಾಯಿತು. ಬಾಗಿಲು ಅರ್ಧ ತೆರೆದು ಮಂಚಕ್ಕೆ ಬಡಿಯುತ್ತಿತ್ತು. ನಾನು ಅಡ್ಡಡ್ಡ ನುಸುಳಬೇಕಾಗಿತ್ತು. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತಾರೆ, ನಮ್ಮಲ್ಲಿ ಹಾಸಿಗೆ ಇದ್ದಷ್ಟೂ ಚಾಚಲು ಗೋಡೆ ಬಿಡುತ್ತಿರಲಿಲ್ಲ. ಬೀರುವನ್ನು ಹಾಲಿನಲ್ಲಿಟ್ಟೆವು.

ಮೊದಲು ನೋಡಿ ನಕ್ಕವನು ಒಬ್ಬ ಡ್ರೈವರ್. "ಎಂತ ಏಜೆಂಟ್ರೇ, ಇದು ಕೋಣೆಯಾ, ಡ್ರೈವರ್ ಕ್ಯಾಬಿನ್ನಾ?" ಎಂದ. ನನಗೆ ಮೈ ಉರಿಯಿತು. "ಆ ಭೈರಪ್ಪ ಮೋಸ ಮಾಡಿದ ಮಾರಾಯ, ಹತ್ತಡಿ ಅಂತ ತೋರಿಸಿ ಏಳಡಿ ಕೊಟ್ಟ" ಎಂದು ಬಾಯಿಗೆ ಬಂದದ್ದು ಅಂದುಬಿಟ್ಟೆ. ಅವತ್ತು ಅಷ್ಟಕ್ಕೇ ನಿಲ್ಲಿಸಿದ್ದರೆ ಸಾಕಿತ್ತು. ಆದರೆ ಬಸ್ ಸ್ಟ್ಯಾಂಡಿನಲ್ಲಿ ಬೆಳಿಗ್ಗೆ ಆಡಿದ ಮಾತು ಮಧ್ಯಾಹ್ನಕ್ಕೆ ಹರಿಹರಪುರ, ಸಂಜೆಗೆ ಶೃಂಗೇರಿ ಮುಟ್ಟುತ್ತದೆ. ಕೇಳಿದವರಿಗೆಲ್ಲ ಅದನ್ನೇ ಹೇಳಿದೆ. ಹೇಳಿ ಹೇಳಿ ಅರ್ಧ ನಾನೂ ನಂಬಿದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ನಾನು ನೆಲ ಹಾಕಿದವನನ್ನೇ ಡೊಂಕು ಅಂದೆ.

ಹರಿಹರಪುರದಲ್ಲಿ ಭೈರಪ್ಪನಿಗೆ ಒಪ್ಪಿಸಿದ್ದ ಮನೆಯ ಕೆಲಸ ಬೇರೆಯವರಿಗೆ ಹೋಯಿತು. ಆಮೇಲೆ ಇನ್ನೊಂದೂ ಹೋಯಿತು. ಎರಡು ವರ್ಷದೊಳಗೆ ಅವನು ಕಂಟ್ರಾಕ್ಟ್ ಬಿಟ್ಟು, ಮತ್ತೆ ಇನ್ನೊಬ್ಬರ ಕೆಳಗೆ ಗಾರೆ ಕೆಲಸಕ್ಕೆ ಹೋಗತೊಡಗಿದ. ನನ್ನ ಮಾತಿನಿಂದಲೇ ಹಾಗಾಯಿತು ಎಂದು ನನಗೆ ಗೊತ್ತಿತ್ತು. ಬಸ್ಸಿಗೆ ಬಂದರೆ ಅವನು ನನ್ನತ್ತ ನೋಡುತ್ತಿರಲಿಲ್ಲ. ನಾನೂ ಬೋರ್ಡು ನೋಡುವವನಂತೆ ತಿರುಗಿ ನಿಲ್ಲುತ್ತಿದ್ದೆ.

ವೀರಮ್ಮ ಒಮ್ಮೆ ಮಾತ್ರ, "ಆ ಮನುಷ್ಯನ ಅನ್ನ ಕಿತ್ಕೋಬೇಡಿ" ಎಂದಳು. ನಾನು ಊಟ ಬಿಟ್ಟು ಎದ್ದು ಹೋದೆ. ಅವಳು ಮತ್ತೆ ಆ ಮಾತು ಎತ್ತಲಿಲ್ಲ.

ಎರಡು ಸಾವಿರದ ಎಂಟರಲ್ಲಿ ನಮ್ಮ ಒಬ್ಬಳೇ ಮಗಳು ನಿಶ್ಚಿತಾಳನ್ನು ನರಸಿಂಹರಾಜಪುರಕ್ಕೆ ಮದುವೆ ಮಾಡಿಕೊಟ್ಟೆವು. ಮರುವರ್ಷ ಅವಳು ಬಸುರಿಯಾದಳು. ಚೊಚ್ಚಲ ಬಾಣಂತನ ತೌರಿನಲ್ಲೇ ಆಗಬೇಕು, ಅದು ನಮ್ಮ ಪದ್ಧತಿ. ಅದಕ್ಕಿಂತ ಹೆಚ್ಚಾಗಿ ಅದು ನನ್ನ ಆಸೆ. ಏಳನೇ ತಿಂಗಳಲ್ಲಿ ಸೀಮಂತ ಮುಗಿಸಿ ಕರೆತಂದೆ. ವೀರಮ್ಮ ಹಳೆಯ ಹತ್ತಿ ಸೀರೆಗಳನ್ನು ಒಗೆದು ಮಡಿಸಿಟ್ಟಳು, ಬಾಣಂತಿ ಲೇಹಕ್ಕೆ ಸಾಮಾನು ತರಿಸಿದಳು. ಎಲ್ಲ ಸಿದ್ಧವಾಯಿತು, ಕೋಣೆಯೊಂದು ಬಿಟ್ಟು.

ಇನ್ನೊಂದು ಕೋಣೆಯಲ್ಲಿ ನನ್ನ ಅಕ್ಕ ಕಲ್ಲಮ್ಮ ಇದ್ದಳು. ಗಂಡ ತೀರಿಕೊಂಡ ಮೇಲೆ ನಮ್ಮಲ್ಲಿಗೆ ಬಂದು, ಎರಡು ವರ್ಷದಿಂದ ಹಾಸಿಗೆ ಹಿಡಿದವಳು. ಅವಳನ್ನು ಅಲ್ಲಿಂದ ಎಬ್ಬಿಸುವಂತಿರಲಿಲ್ಲ. ಉಳಿದದ್ದು ವೃಷಭಾಯ. ಅದರಲ್ಲಿ ಬಾಣಂತಿಯ ಮಂಚ, ತೊಟ್ಟಿಲು, ಕೆಂಡದ ಅಗ್ಗಿಷ್ಟಿಕೆ, ಪಕ್ಕದಲ್ಲಿ ವೀರಮ್ಮನ ಹಾಸಿಗೆ ಎಲ್ಲ ಹಿಡಿಯಬೇಕು. ಯಾರೂ ಇಲ್ಲದಾಗ ಒಳಗೆ ಹೋಗಿ ಗೇಣಿನಲ್ಲಿ ಅಳೆದು ನೋಡಿದೆ. ಎಷ್ಟು ಸಲ ಅಳೆದರೂ ಏಳಡಿ ಏಳಡಿಯೇ.

ವಾರ ಕಳೆದ ಮೇಲೆ ಬೀಗರೂ ಬೀಗಿತಿಯೂ ಸೊಸೆಯನ್ನು ನೋಡಿಕೊಂಡು ಹೋಗಲು ತಮ್ಮ ಜೀಪಿನಲ್ಲಿ ಬಂದರು. ತಿಂಡಿಯಾಯಿತು. ಬೀಗಿತಿ ಕೋಣೆಯ ಬಾಗಿಲಲ್ಲಿ ನಿಂತು ಒಳಗೆ ಕಣ್ಣಾಡಿಸಿದರು. ಸಾಧು ಹೆಂಗಸು, ಏರಿದ ದನಿಯವರಲ್ಲ.

"ತೊಟ್ಲು ಎಲ್ಲಿ ಕಟ್ತೀರಿ ವೀರಮ್ಮ?" ಎಂದು ಕೇಳಿದರು.

ವೀರಮ್ಮ ನನ್ನ ಮುಖ ನೋಡಿದಳು. ನಿಶ್ಚಿತಾ ಸೆರಗಿನ ತುದಿ ನೋಡುತ್ತ ಕೂತಿದ್ದಳು. ಬೀಗರು ಬಾಯಿ ತೆರೆದು ಏನೋ ಹೇಳಹೊರಟರು. ಅಷ್ಟರೊಳಗೆ ನನ್ನ ಬಾಯಿ ಓಡಿತು.

"ಏನು ಮಾಡೋದು ಬೀಗ್ರೇ, ಆ ಮೇಸ್ತ್ರಿ ಭೈರಪ್ಪ ಮಾಡಿದ ಮೋಸ ಇದು. ಹತ್ತಡಿ ಕೋಣೆ ಅಂತ ಹೇಳಿ ಏಳಡಿ ಕಟ್ಟಿ ಕೊಟ್ಟ. ನಾವು ನಂಬಿ ಕೆಟ್ವಿ."

ಬೀಗರು ಹೇಳಹೊರಟದ್ದನ್ನು ನುಂಗಿಕೊಂಡರು. "ಹೌದಾ? ಹಾಗಾದ್ರೆ ಅವನನ್ನೇ ಕೇಳಿಬಿಡಣ. ಕಮ್ಮರಡಿ ಎಂತ ದೂರ, ಜೀಪ್ ಉಂಟಲ್ಲ" ಎಂದರು. ಬೇಡ ಎನ್ನಲು ಎಂಟು ನೆಪ ಹುಡುಕಿದೆ. ಒಂದೂ ನಿಲ್ಲಲಿಲ್ಲ.

ಭೈರಪ್ಪ ಕಮ್ಮರಡಿ ಪೇಟೆಯಲ್ಲಿ ಒಂದು ಅಂಗಡಿಯ ಗೋಡೆಗೆ ಗಾರೆ ಹಚ್ಚುತ್ತಿದ್ದ. ತಲೆಗೂದಲು ಪೂರ್ತಿ ಬೆಳ್ಳಗಾಗಿತ್ತು. ನನ್ನನ್ನು ಕಂಡು ಕರಣೆ ಕೆಳಗಿಟ್ಟ. ಬೀಗರೇ ಮಾತು ತೆಗೆದರು.

"ಇವ್ರ ಮನೆ ಕಟ್ಟಿದ್ದು ನೀವಂತೆ. ಕೋಣೆ ಯಾಕೆ ಅಷ್ಟು ಸಣ್ಣ ಆಯ್ತು? ಇವ್ರ ಮಗಳ ಬಾಣಂತನ ಆಗಬೇಕು ಅಲ್ಲಿ."

ಭೈರಪ್ಪ ನನ್ನ ಕಡೆ ನೋಡಿದ. ಎಂಟು ವರ್ಷದಲ್ಲಿ ಅವನು ನನ್ನನ್ನು ನೇರ ನೋಡಿದ್ದು ಅದೇ ಮೊದಲು. ಈಗ ಹೇಳುತ್ತಾನೆ, ನನ್ನ ಮಾನ ಬೀದಿಯಲ್ಲಿ ಹರಾಜಾಗುತ್ತದೆ ಎಂದುಕೊಂಡು ನಿಂತೆ. ಆಗಲಿ ಎಂದೂ ಒಂದು ಗಳಿಗೆ ಅನ್ನಿಸಿತು.

"ಬಾಣಂತನ ಯಾರ್ದು, ನಿಶ್ಚಿತಮ್ಮಂದಾ?" ಎಂದು ಕೇಳಿದ. ನಾನು ತಲೆಯಾಡಿಸಿದೆ. ಅವನು ಕೈ ಒರೆಸಿಕೊಳ್ಳುತ್ತ ಬೀಗರ ಕಡೆ ತಿರುಗಿದ. "ನಂದೇ ತಪ್ಪು ಸ್ವಾಮಿ. ಆಗ ಹೊಸ್ದು ನಂಗೆ, ದಾರ ತಪ್ಪಿ ಹಿಡ್ದೆ. ಅದು ಅಡ್ಡ ಗೋಡೆ, ಮೇಲೆ ಭಾರ ಇಲ್ಲ. ನಾನೇ ತೆಗ್ದು ಆಚೆ ಕಟ್ಕೊಡ್ತೀನಿ. ಆದ್ರೆ ಬಸುರಿ ಇರೋ ಮನೇಲಿ ಗೋಡೆ ಒಡೆಯೋ ಹಾಗಿಲ್ಲ ನೋಡಿ. ಹೆರಿಗೆ ಆದ ಮೇಲೆ ಬರ್ತೀನಿ."

ಆಗ ನಾನು ಹೇಳಬೇಕಿತ್ತು. ಬೀಗರು ಕಾಯುವವರಂತೆ ನನ್ನ ಪಕ್ಕದಲ್ಲೇ ನಿಂತಿದ್ದರು. ಭೈರಪ್ಪನೂ ಕರಣೆ ಎತ್ತಿಕೊಂಡಿರಲಿಲ್ಲ. 'ಇಲ್ಲ ಮಾರಾಯ, ತಪ್ಪು ನಂದು' ಎನ್ನಲು ಎಷ್ಟು ಹೊತ್ತು ಬೇಕು? ಇಪ್ಪತ್ತಾರು ವರ್ಷ ಬೀದಿಯಲ್ಲಿ ಕೂಗಿದವನು ನಾನು. "ಆಯ್ತು, ಹಾಗೇ ಮಾಡು" ಎಂದು ಹೇಳಿ ಜೀಪು ಹತ್ತಿದೆ. ನಾನೇ ಅವನನ್ನು ಕ್ಷಮಿಸಿದ ಹಾಗೆ.

ವಾಪಸು ಬರುವಾಗ ಬೀಗರು ಮುಖ ಗಂಟಿಕ್ಕಿ ರಸ್ತೆ ನೋಡುತ್ತ ಕೂತಿದ್ದರು. ಭೈರಪ್ಪನ ಮೇಲೆ ಸಿಟ್ಟಿರಬೇಕು ಎಂದುಕೊಂಡೆ. ಎಂಥ ಮೂಢ ನಾನು.

ಮನೆಗೆ ಬಂದವರೇ ಬೀಗರು ಬೀಗಿತಿಯನ್ನು ಅಡುಗೆಮನೆಗೆ ಕರೆದು ಮೆಲ್ಲಗೆ ಮಾತಾಡಿದರು. ಬೀಗಿತಿ ಹೊರಗೆ ಬಂದು, "ನಿಶ್ಚಿತನ್ನ ನಾವೇ ಕರ್ಕೊಂಡು ಹೋಗ್ತೀವಿ ವೀರಮ್ಮ. ಬಾಣಂತನ ನಮ್ಮಲ್ಲೇ ಆಗ್ಲಿ. ಬೇಜಾರು ಮಾಡ್ಕೋಬೇಡಿ" ಎಂದರು. ವೀರಮ್ಮ ಅಳಲಿಲ್ಲ. ಒಗೆದು ಮಡಿಸಿಟ್ಟ ಸೀರೆಗಳನ್ನು ಚೀಲಕ್ಕೆ ತುಂಬಿದಳು. ಲೇಹದ ಸಾಮಾನನ್ನು ಬಿಡಿಬಿಡಿಯಾಗಿ ಕಟ್ಟಿ, ಯಾವುದನ್ನು ಎಷ್ಟು ಹಾಕಬೇಕು ಎಂದು ಬೀಗಿತಿಗೆ ಒಂದೊಂದಾಗಿ ಹೇಳಿಕೊಟ್ಟಳು. ಮಗಳ ಚೊಚ್ಚಲ ಬಾಣಂತನದ ಲೇಹವನ್ನು ಬೀಗಿತಿಯ ಕೈಗೆ ಕೊಡಬೇಕಾಗಿ ಬಂದ ತಾಯಿಯನ್ನು ನಾನು ಅವತ್ತು ಕಂಡೆ. ಕಾರಣ ನಾನೇ ಆಗಿದ್ದೆ.

ಜೀಪು ಸ್ಟಾರ್ಟ್ ಆಯಿತು. ತಡೆಯಲಾಗದೆ ಗೇಟು ದಾಟಿ ಓಡಿದೆ. ಬೀಗರು ಕೂತಿದ್ದ ಬದಿಗೆ ಹೋಗಿ ಕಂಬಿ ಹಿಡಿದುಕೊಂಡೆ.

"ಬೀಗ್ರೇ, ಭೈರಪ್ಪಂದು ತಪ್ಪಲ್ಲ. ಆಯಕ್ಕೋಸ್ಕರ ಗೋಡೆ ಒಳಗೆ ತರಿಸಿದ್ದು ನಾನು. ಅವನು ಬೇಡ ಅಂದಿದ್ದ."

ಬೀಗರು ಇಂಜಿನ್ ಆರಿಸಲು ಡ್ರೈವರಿಗೆ ಸನ್ನೆ ಮಾಡಿದರು.

"ಗೊತ್ತು" ಎಂದರು. "ಮದುವೆ ಆದ ವರ್ಷಾನೇ ಸೊಸೆ ಹೇಳಿದ್ಲು. ನಿಮ್ಮ ಹಾಲು ದೊಡ್ಡದುಂಟಲ್ಲ, ಅರ್ಧಕ್ಕೆ ಒಂದು ತಟ್ಟಿ ಕಟ್ಟಿದ್ರೆ ಬಾಣಂತನಕ್ಕೆ ಧಾರಾಳ ಆಗ್ತಿತ್ತು. ಅದನ್ನೇ ಹೇಳಣ ಅಂತ ಬಂದಿದ್ವಿ ಇವತ್ತು. ನೀವು ಆ ಮೇಸ್ತ್ರಿ ಹೆಸ್ರು ಎತ್ತಿದ್ರಿ. ಅವನ ಎದುರು ಆದ್ರೂ ನಿಜ ಹೇಳ್ತೀರೇನೋ ಅಂತ ಕಮ್ಮರಡಿ ತನಕ ಕರ್ಕೊಂಡು ಹೋದೆ."

ನಾನು ಕೈ ಮುಗಿದೆ. "ಈಗ ಹೇಳಿದೆ ಅಲ್ವಾ. ತಟ್ಟಿ ನಾಳೆನೇ ಕಟ್ಟಿಸ್ತೀನಿ. ಮಗಳನ್ನ ಬಿಟ್ಟು ಹೋಗಿ."

"ಜಾಗದ ಮಾತಲ್ಲ ಏಜೆಂಟ್ರೇ. ಹಸಿ ಬಾಣಂತಿ, ಎಳೇ ಕೂಸು. ಏನಾದ್ರೂ ಹೆಚ್ಚುಕಮ್ಮಿ ಆದ್ರೆ ನೀವು ಯಾರ ಹೆಸ್ರು ಹೇಳ್ತೀರೋ ಅಂತ ನಮ್ಮವಳಿಗೆ ಭಯ. ಸೂಲಗಿತ್ತಿದೋ, ಡಾಕ್ಟರ್‌ದೋ, ವೀರಮ್ಮಂದೋ."

ಸಿಟ್ಟಿನಿಂದ ಹೇಳಿದ ಮಾತಲ್ಲ ಅದು. ಸಿಟ್ಟು ಮಾಡಿದ್ದರೆ ನಾನೂ ಎರಡು ಮಾತು ಆಡಿ ಹಗುರಾಗುತ್ತಿದ್ದೆ.

ಹಿಂದಿನ ಸೀಟಿನಲ್ಲಿ ಚೀಲಗಳ ನಡುವೆ ನಿಶ್ಚಿತಾ ಕೂತಿದ್ದಳು. "ನೀನೂ ಹಾಗೇ ಅಂದ್ಕೊಂಡ್ಯಾ ಮಗ?" ಎಂದು ಕೇಳಿದೆ. ಇಲ್ಲ ಎನ್ನುತ್ತಾಳೆ ಎಂಬ ಆಸೆ ನನಗಿತ್ತು.

"ಅವತ್ತು ಗೋಡೆ ಅಳೆಯುವಾಗ ಟೇಪಿನ ಇನ್ನೊಂದು ತುದಿ ಹಿಡ್ಕೊಂಡಿದ್ದು ನಾನೇ ಅಲ್ವಾ ಅಪ್ಪಾಜಿ" ಎಂದಳು.

ನಾನು ಜೀಪಿನ ಕಂಬಿಯಿಂದ ಕೈ ತೆಗೆದು, ಹೊರಡಲು ದಾರಿ ಬಿಟ್ಟೆ.