ತಲೆ ಬಿಟ್ಟು ಒಂದು ಇಂಚು ನಾಲ್ಕಾಣೆ

ನಡುಮನೆಯಲ್ಲಿ ಟಿಣ್ ಎಂದಿತು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಟಿಣ್. ಮಸ್ಕಿಯ ನಾಯಿಗಳೂ ಬೊಗಳಿ ಬೇಸತ್ತು ಮಲಗಿದ್ದ ಹೊತ್ತು. ಕಸ್ತೂರೆಮ್ಮ ಹಾಸಿಗೆಯಲ್ಲಿ ಎದ್ದು ಕೂತಳು. ಕಳ್ಳನಾದರೆ ಹಿತ್ತಾಳೆಯ ತಾಟನ್ನೇ ಒಯ್ಯುತ್ತಾನೆ, ಅದರೊಳಗೆ ಒಂದೊಂದೇ ಸಾಮಾನು ಹಾಕುತ್ತ ಕೂಡುವುದಿಲ್ಲ. ಹಾಗಾದರೆ ಗಂಡನೇ.

ಸೂಗಪ್ಪ ಕಂದೀಲಿನ ಮುಂದೆ ಕೂತು ವಿಮಾನದ ಬೋಲ್ಟುಗಳನ್ನು ಆರಿಸುತ್ತಿದ್ದ.

ನಿಜಾಮನ ರಾಜ್ಯ ಮುಗಿದ ದಿನಗಳಲ್ಲಿ ಊರ ಮೇಲೆ ಒಂದು ವಿಮಾನ ಹಾರಿಹೋಗಿತ್ತು. ಎಲ್ಲರೂ ಮನೆಯೊಳಗೆ ಓಡಿದರೆ ಶೇಂಗಾ ಎಣ್ಣೆ ಮಿಲ್ಲಿನ ಸೂಗಪ್ಪ ಮಾಳಿಗೆ ಹತ್ತಿ ನಿಂತಿದ್ದ. ಅಂದು ಮೇಲೆ ಹೋದ ಕಣ್ಣು ಮತ್ತೆ ಕೆಳಗೆ ಇಳಿಯಲಿಲ್ಲ. ನಾಲ್ಕು ವರ್ಷದ ಮೇಲೆ ಮುಂಬಯಿಯ ಹರಾಜಿನಲ್ಲಿ, ಮನೆಯಲ್ಲೇ ಜೋಡಿಸಿಕೊಂಡು ಒಬ್ಬರೇ ಕೂತು ಹಾರುವ ಸಣ್ಣ ವಿಮಾನವೊಂದನ್ನು ಹಿಡಿದುಬಿಟ್ಟ. ರಾಯಚೂರಿನ ತನಕ ರೈಲಿನಲ್ಲಿ, ಲಿಂಗಸುಗೂರಿನ ತನಕ ಲಾರಿಯಲ್ಲಿ ಸುಖವಾಗಿ ಬಂದ ಪೆಟ್ಟಿಗೆ, ಕಡೆಯ ದಾರಿಯಲ್ಲಿ ಎತ್ತಿನ ಬಂಡಿಯಿಂದ ತಗ್ಗಿಗೆ ಬಿತ್ತು. ಬೋಲ್ಟಿನ ಪೊಟ್ಟಣಗಳೆಲ್ಲ ಹರಿದು, ರೆಕ್ಕೆಯದು ಯಾವುದು ಗಾಲಿಯದು ಯಾವುದು ಎಂಬುದು ಗೊತ್ತಾಗದಂತೆ ಕಲಸಿಹೋದವು. ಪುಸ್ತಕ ನೋಡಿ ಅಳೆದೇ ಗುರುತಿಸಬೇಕು. ಪುಸ್ತಕವೋ ಇಂಗ್ಲಿಷಿನದು, ಸೂಗಪ್ಪ ಕಲಿತದ್ದು ಉರ್ದು ಶಾಲೆಯಲ್ಲಿ. ಮೆಟ್ರಿಕ್ ಮುಗಿಸಿದ್ದ ಕಸ್ತೂರೆಮ್ಮನೇ ಓದಿ ಹೇಳಬೇಕು.

ಸೈಕಲ್ಲಿನಲ್ಲಿ ಸಿಂಧನೂರಿಗೆ ಹೋದರೂ ದಾರಿಯಲ್ಲಿ ಎರಡು ಕಡೆ ಬಿದ್ದೇ ಬರುವ ಗಂಡ. ಅವನು ಆಕಾಶಕ್ಕೆ ಏರುವ ನಿಚ್ಚಣಿಕೆಯನ್ನು ತಾನೇ ಹಿಡಿದು ನಿಂತಂತಾಯಿತಲ್ಲ ಎಂದು ಅವಳಿಗೆ ಅನ್ನ ರುಚಿಸುತ್ತಿರಲಿಲ್ಲ.

"ಎದ್ದಿಯೇನು? ಚಲೋ ಆತು," ಎಂದ ಸೂಗಪ್ಪ. "ರೆಕ್ಕೀದು ಎಷ್ಟುದ್ದ ಅಂದಿ?"

"ಒಂದೂಕಾಲು ಇಂಚು."

"ಅಂದ್ರ ಒಂದು ಇಂಚು ನಾಲ್ಕಾಣೆ."

ಅಳತೆಪಟ್ಟಿಯಲ್ಲಿ ಇಂಚಿಗೆ ಹದಿನಾರು ಗೆರೆ, ರೂಪಾಯಿಗೆ ಹದಿನಾರು ಆಣೆ. ಸಾವ್ಕಾರನ ಕಣ್ಣಿಗೆ ಎರಡೂ ಒಂದೇ. ಹಾಲಿ ಎನ್ನುವ ಹಳೆಯ ನಿಜಾಮಿ ರೊಕ್ಕವೂ ಕಲ್ದಾರ ಎನ್ನುವ ಹೊಸ ಸರಕಾರದ ರೊಕ್ಕವೂ ಒಟ್ಟಿಗೆ ಓಡಾಡುತ್ತಿದ್ದ ಕಾಲ. ಮಿಲ್ಲಿನ ಮಿಸ್ತ್ರಿ ಮಕ್ತುಮ್‌ಸಾಬ್ ಮೊದಲ ದಿನವೇ ಕೇಳಿದ್ದ: "ಇಂಚಿನಾಗಿನ ಆಣೆ ಹಾಲಿ ಆಣೆ ಏನ್ರಿ ಸಾವ್ಕಾರ್ರ, ಕಲ್ದಾರ ಆಣೆ?"

ಸೂಗಪ್ಪ ಒಂದು ಬೋಲ್ಟನ್ನು ಬೆಳಕಿಗೆ ಹಿಡಿದ. "ಇದನ್ನ ತಲಿ ಹಿಡಿದು ಅಳೀಬೇಕೋ, ತಲಿ ಬಿಟ್ಟೋ? ನೋಡಿ ಹೇಳು."

ಪುಸ್ತಕದಲ್ಲಿ ದಪ್ಪಕ್ಷರದಲ್ಲೇ ಇತ್ತು: ತಲೆಯ ಕೆಳಗಿನಿಂದ ತುದಿಯ ತನಕ. ಕಸ್ತೂರೆಮ್ಮ ಪುಸ್ತಕ ನೋಡಿದಳು, ಗಂಡನನ್ನು ನೋಡಿದಳು. ತಲೆ ಸೇರಿಸಿ ಅಳೆದರೆ ಆರಿಸಿದ ಬೋಲ್ಟು ಗಿಡ್ಡವಾಗುತ್ತದೆ. ಗಿಡ್ಡವಾದರೆ ನಟ್ಟು ಹಿಡಿಯುವುದಿಲ್ಲ. ನಟ್ಟು ಹಿಡಿಯದಿದ್ದರೆ ರೆಕ್ಕೆ ಕೂಡುವುದಿಲ್ಲ. ರೆಕ್ಕೆಯೇ ಇಲ್ಲದ ಮೇಲೆ ಗಂಡ ನೆಲದ ಮೇಲೇ ಇರುತ್ತಾನೆ.

"ತಲಿ ಹಿಡಿದು," ಎಂದಳು.

ಮದುವೆಯಾದ ಮೇಲೆ ಅವಳು ಆಡಿದ ಮೊದಲ ಸುಳ್ಳು ಅದು. ಅತ್ತೆಗೆ ಆಡಿದವು ಲೆಕ್ಕಕ್ಕಿಲ್ಲ.

ಆದರೆ ಹಾಳಾದ ನಟ್ಟುಗಳು ಹಿಡಿದುಬಿಟ್ಟವು! ಮಿಲ್ಲಿನ ಅಂಗಳದಲ್ಲಿ ಮಕ್ತುಮ್‌ಸಾಬ್ ರೆಕ್ಕೆ ಕೂಡಿಸಿ ಬೆವರು ಒರೆಸಿಕೊಂಡ. "ಬಿಗಿ ಆಗ್ಯಾವ್ರಿ. ಬೋಲ್ಟಿನ ತುದಿ ನಟ್ಟಿನೊಳಗ ಉಳದೈತಿ, ಹೊರಗ ಬಂದಿಲ್ಲ. ಪುಸ್ತಕದಾಗ ಹಂಗಿದ್ರ ಕೇಳಾಕ ನಾ ಯಾಂವ?"

ಕಸ್ತೂರೆಮ್ಮ ಒಳಗೆ ಓಡಿ ಪುಸ್ತಕದ ಮುಂದಿನ ಹಾಳೆ ತಿರುವಿದಳು. ಬೋಲ್ಟಿನ ತುದಿ ನಟ್ಟು ದಾಟಿ ಕಾಣಲೇಬೇಕು, ಕಾಣದಿದ್ದರೆ ಹಾರಲೇಬಾರದು ಎಂದಿತ್ತು. ಗಂಡ ಹಾರಬಾರದೆಂದು ಆಡಿದ ಸುಳ್ಳು ಅವನನ್ನು ಅರ್ಧ ಆಕಾಶದಿಂದ ಕೆಡವಲು ಸಜ್ಜಾಗಿ ನಿಂತಿತ್ತು. ಸೂಗಪ್ಪ ಸೋಮವಾರಕ್ಕೆ ಮುಹೂರ್ತ ಇಟ್ಟು, ಲಿಂಗಸುಗೂರಿನ ದೊಡ್ಡ ಅಧಿಕಾರಿಗೂ ಹೇಳಿಕಳಿಸಿದ್ದ.

"ಇನ್ನೊಮ್ಮೆ ಅಳೀರಲ್ಲ," ಎಂದಳು ಊಟಕ್ಕೆ ಬಡಿಸುತ್ತ.

"ಹೊಂಟ ಹೊತ್ತಿನಾಗ ಅಡ್ಡಬಾಯಿ ಹಾಕಬ್ಯಾಡ," ಎಂದ ಅವನು.

ನಿಜ ಹೇಳಿಬಿಟ್ಟರೆ? ಅತ್ತೆ ಶಿವಬಸಮ್ಮ ಬಾಗಿಲಲ್ಲೇ ಕೂತಿದ್ದಳು. ಓದಿದ ಸೊಸೆ ಬೇಡವೆಂದು ಮೊದಲೇ ಅಂದವಳು. ಈ ಸಂಗತಿ ತಿಳಿದರೆ ಬಳಗಾನೂರಿನ ಬೀಗರ ತನಕ ಸಾರಿಬರುತ್ತಾಳೆ.

ಶನಿವಾರ ಹಾರುವ ಕೋಟು ಹೊಲಿಯಲು ದರ್ಜಿ ಇಮಾಮ್‌ಸಾಬ್ ಬಂದ. ಮೇಲೆ ಚಳಿ ಇರುತ್ತದೆಂದು ಸೂಗಪ್ಪ ಕಂಬಳಿಯಂಥ ಬಟ್ಟೆ ತರಿಸಿದ್ದ. ದರ್ಜಿ ಟೇಪನ್ನು ಅವನ ಕುತ್ತಿಗೆಯ ಎಲುಬಿಗೆ ಒತ್ತಿಹಿಡಿದು ಕೆಳಗೆ ಬಿಟ್ಟ. ಕಸ್ತೂರೆಮ್ಮನ ಕಣ್ಣು ಆ ಟೇಪಿನ ಮೇಲೆ ನಿಂತಿತು. ಬಾಗಿಲ ಮರೆಯಿಂದ, ಗಂಡನಿಗೆ ಕೇಳಿಸುವಷ್ಟು ಗಟ್ಟಿಯಾಗಿ ಅತ್ತೆಯನ್ನು ಕೇಳಿದಳು:

"ಅಲ್ಲ ಅತ್ತಿ, ಇಂವ ಕುತ್ತಿಗಿಯಿಂದ ಯಾಕ ಅಳಿಯಾಕತ್ತಾನ? ನೆತ್ತಿಯಿಂದ ಅಳೀಬೇಕಲ್ಲ?"

ಶಿವಬಸಮ್ಮ ಅಡಿಕೆ ಅಗಿಯುವುದನ್ನು ಬಿಟ್ಟಳು. "ಕೇಳ್ರೆವ್ವಾ ಮೆಟ್ರಿಕ್ ಪಾಸಾದಾಕಿ ಮಾತು! ತಲಿಗೂ ಕೋಟು ತೊಡಸ್ತಾರೇನ ಬೇ? ತಲಿ ಮ್ಯಾಲ ನಿಂತಿರತೈತಿ. ಬಟ್ಟಿಯೊಳಗ ಹೋಗೋದು ಮೈ. ಒಳಗ ಹೋಗೋದಷ್ಟ ಅಳೀಬೇಕು."

ಇಮಾಮ್‌ಸಾಬ್ ನಕ್ಕ. ಸೂಗಪ್ಪ ನಗಲಿಲ್ಲ. ಕುತ್ತಿಗೆಯಿಂದ ಟೇಪು ಜೋತಾಡುತ್ತಿರುವಂತೆಯೇ ಅಂಗಳಕ್ಕೆ ಹಾರಿದ.

"ಮಕ್ತುಮ್‌ಸಾಬ್! ಎಲ್ಲಾ ಬೋಲ್ಟು ಬಿಚ್ಚೋ! ತಲಿ ಹೊರಗ ನಿಂತಿರತೈತಿ, ಒಳಗ ಹೋಗೋದು ಮೈ! ಒಳಗ ಹೋಗೋದಷ್ಟ ಅಳೀಬೇಕು!"

"ಯಾ ಅಲ್ಲಾ," ಎಂದ ಮಕ್ತುಮ್‌ಸಾಬ್ ನಟ್ಟು ಬಿಚ್ಚುವ ಪಾನಾ ಕೈಗೆತ್ತಿಕೊಳ್ಳುತ್ತ, "ಈ ಬುದ್ಧಿ ನಿನ್ನೆ ಬಂದಿದ್ರ ಇವತ್ತು ನನ್ನ ರಟ್ಟಿ ಉಳೀತಿತ್ತು."

ಕಸ್ತೂರೆಮ್ಮನಿಗೆ ಜೀವ ಬಂತು. ಮೆಲ್ಲಗೆ, "ನಾ ಓದಿದ್ದ ತಪ್ಪಿರಬೇಕು," ಎಂದು ನೋಡಿದಳು.

"ಏ ಹುಚ್ಚಿ, ನಿಂದೇನು ತಪ್ಪು? ಪುಸ್ತಕ ಬರದವರಿಗೇ ತಿಳಿದಿಲ್ಲ. ನಾ ಹಿಡದೆ!" ಸೂಗಪ್ಪ ಆ ದಿನವೆಲ್ಲ ಸಿಕ್ಕವರಿಗೆಲ್ಲ ಪುಸ್ತಕ ಬರೆದವರ ದಡ್ಡತನ ವರ್ಣಿಸಿದ.

ಭಾನುವಾರದ ಹೊತ್ತಿಗೆ ಪ್ರತಿ ನಟ್ಟಿನಿಂದಲೂ ಬೋಲ್ಟಿನ ತುದಿ ಇಣುಕುತ್ತಿತ್ತು. ಒಂದೊಂದನ್ನೂ ಮುಟ್ಟಿ ನೋಡಿ ಬಂದ ಕಸ್ತೂರೆಮ್ಮ ಹೊಸಿಲ ಮೇಲೆ ಕೂತಳು. ಎಲ್ಲ ಸರಿಯಾಗಿತ್ತು. ಅಂದರೆ ಅದು ನಿಜವಾಗಿಯೂ ಹಾರುತ್ತದೆ.

ಸೋಮವಾರ ಜೋಳ ಕೊಯ್ದ ಹೊಲದಲ್ಲಿ ಮಸ್ಕಿಗೆ ಮಸ್ಕಿಯೇ ನೆರೆದಿತ್ತು. ಸಿಂಧನೂರಿನಿಂದ ಕಾಲುವೆ ಕೆಲಸದ ಇಂಜಿನಿಯರುಗಳೂ ಬಂದಿದ್ದರು. ಅತ್ತೆಯ ಅಪ್ಪಣೆಯಂತೆ ಕಸ್ತೂರೆಮ್ಮ ಗಂಡನಿಗೆ ವಿಭೂತಿ ಹಚ್ಚಿ, ಆರತಿ ಎತ್ತಿ, ವಿಮಾನದ ಆಚೆ ಮಗ್ಗುಲಿಗೆ ಸರಿದು ನಿಂತಳು. ಕೂರುವ ಜಾಗದ ಪಕ್ಕಕ್ಕೆ ಹೊದಿಸುವ ಬಟ್ಟೆಯನ್ನು ಇನ್ನೂ ಕಟ್ಟಿರಲಿಲ್ಲ. ಒಳಗೆ ಸೀಟಿನ ಕೆಳಗಿನ ಪೆಟ್ರೋಲ್ ನಲ್ಲಿಯ ಹಿತ್ತಾಳೆಯ ಕಿವಿ ಹೊಳೆಯುತ್ತಿತ್ತು. ಆ ಹಾಳೆಯನ್ನು ಹಿಂದಿನ ಸಂಜೆ ಅವಳೇ ಓದಿ ಹೇಳಿದ್ದಳು: ಕಿವಿ ಉದ್ದಕ್ಕಿದ್ದರೆ ಚಾಲೂ, ಅಡ್ಡಕ್ಕಿದ್ದರೆ ಬಂದ್. ಕಿವಿ ಉದ್ದಕ್ಕೇ ಇತ್ತು.

ಮಕ್ತುಮ್‌ಸಾಬ್ ವಿಮಾನದ ಮೂತಿಯ ಪಂಖದ ಮುಂದೆ ಹೋಗಿ ನಿಂತ. ಸೀಟಿನಲ್ಲಿ ಕೂತ ಸೂಗಪ್ಪ ಅಧಿಕಾರಿಗೆ ಎಡಗೈಯಿಂದ ಸಲಾಮು ಮಾಡುತ್ತಿದ್ದ. ಅವನ ಬಲಗೈ ಮೆಲ್ಲಗೆ ಸೀಟಿನ ಕೆಳಗೆ ಇಳಿದದ್ದು ಕಸ್ತೂರೆಮ್ಮನಿಗೆ ಕಂಡಿತು. ಹಿತ್ತಾಳೆಯ ಕಿವಿ ಅಡ್ಡಕ್ಕೆ ತಿರುಗಿತು.

ಪಂಖ ತಿರುವಿದರು. ಇಂಜಿನ್ ಎರಡು ಸಲ ಕೆಮ್ಮಿ ಸುಮ್ಮನಾಯಿತು. ಮಕ್ತುಮ್‌ಸಾಬ್ ಮತ್ತೆ ಮತ್ತೆ ತಿರುವಿ ಏದುಸಿರು ಬಿಟ್ಟ.

"ಎತ್ತು ಹೂಡ್ರೆಪ್ಪಾ!" ಎಂದು ಯಾರೋ ಕೂಗಿದರು. ಹೊಲವೆಲ್ಲ ನಕ್ಕಿತು.

ಸೂಗಪ್ಪ ಇಳಿದು, ಟಾಕಿಯ ಮುಚ್ಚಳ ತೆಗೆದು ಮೂಸಿ, "ಪೆಟ್ರೋಲದಾಗ ನೀರು ಕೂಡ್ಯಾವು. ಇವತ್ತು ಆಗಂಗಿಲ್ಲ," ಎಂದು ಸಾರಿದ. ಮಾತಿನಲ್ಲಿ ಖೇದ ತುಂಬಿತ್ತು. ಮುಖ ಮಾತ್ರ ಶಾಲೆಗೆ ಸೂಟಿ ಸಿಕ್ಕ ಹುಡುಗನದಾಗಿತ್ತು.

ಶಿವಬಸಮ್ಮ ಓಡಿಬಂದಳು. "ಯಾವ ಹಾದರಗಿತ್ತಿ ಕಣ್ಣು ಹತ್ತಿತೋ! ನೀ ಇಲ್ಲೇ ಮಗ್ಗಲಕ ನಿಂತಿದ್ದೆಲ್ಲ ಬೇ, ಏನಾತು ಇದಕ?"

ಸೂಗಪ್ಪ ಥಟ್ಟನೆ ಹೆಂಡತಿಯ ಕಡೆ ತಿರುಗಿದ. ಕಂಬಳಿಯ ಕೋಟಿನೊಳಗೆ ಅವನ ಕೊರಳು ಬೆವರಿನಿಂದ ತೊಯ್ದಿತ್ತು.

"ನನಗೇನು ತಿಳೀತೈತ್ರಿ ಅತ್ತಿ," ಎಂದಳು ಕಸ್ತೂರೆಮ್ಮ. "ನೀರು ಕೂಡ್ಯಾವಂತ."

ಆರತಿ ತಾಟು ಹಿಡಿದು ಮನೆಯತ್ತ ನಡೆದಳು. ಎಷ್ಟೋ ದಿನಗಳ ಮೇಲೆ ಅಂದು ಮಧ್ಯಾಹ್ನ ಅವಳಿಗೆ ಚೆನ್ನಾಗಿ ಹಸಿವಾಗಿತ್ತು. ಅತ್ತೆಗೆ ಹೇಳುವ ಮಾತೇ ಇಲ್ಲ; ಮಕ್ತುಮ್‌ಸಾಬನಿಗೆ ಹೇಳಿದರೆ ಮಿಲ್ಲಿಗೆಲ್ಲ ಹೇಳಿದಂತೆ; ತವರಿನಲ್ಲೂ ಬಾಯಿ ಬಿಡಬಾರದು. ಗಂಡನ ಮುಂದಂತೂ, ನೂರು ವರ್ಷ ಬಾಳಿದರೂ, ಆ ಬಲಗೈಯ ಸುದ್ದಿ ಎತ್ತಬಾರದು ಎಂದು ದಾರಿಯಲ್ಲೇ ತೀರ್ಮಾನಿಸಿಬಿಟ್ಟಳು.